ಪದ ಪರಿಚಯ: ಲಾಬಿ

ಸಂಪುಟ ವಿಸ್ತರಣೆ ಅಂತ ಸುದ್ದಿ ಬಂದರೆ ಸಾಕು, ‘ಸಚಿವ ಸ್ಥಾನಕ್ಕೆ ದೆಹಲಿಯಲ್ಲಿ ಲಾಬಿ’ ಅಂತ ಪತ್ರಿಕೆಗಳು ಬರೆಯುತ್ತವೆ. ಮರಳು ಲಾಬಿ, ಟಿಂಬರ್ ಲಾಬಿ ಅನ್ನುವ ಮಾತೂ ಇದೆ. ಹಾಗಾಗಿ ಈ ಪದ ಕೇಳಿದ ಕೂಡಲೇ ಒಳಗೊಳಗೆ ನಡೆಯುವ ಯಾವುದೋ ಕೆಟ್ಟ ವ್ಯವಹಾರ ಅಂತಲೇ ಅನಿಸುತ್ತದೆ.

ಪದ ಹುಟ್ಟಿದ್ದು ಒಂದು ಜಾಗದಿಂದ. ಹೋಟೆಲಿನ ಬಾಗಿಲು ದಾಟಿದರೆ ಕೂತು ಕಾಯುವ ಜಾಗ ಇರುತ್ತದಲ್ಲ, ಅದೂ ಲಾಬಿಯೇ. ಲಂಡನ್ನಿನ ಪಾರ್ಲಿಮೆಂಟಿನಲ್ಲೂ ಸಭೆಯ ಹೊರಗೆ ಇಂಥ ಪಡಸಾಲೆ ಇದೆ. ಜನ ಅಲ್ಲಿ ತಮ್ಮ ಸದಸ್ಯರನ್ನು ಕಂಡು ಅಹವಾಲು ಹೇಳಿಕೊಳ್ಳಬಹುದು. 19ನೇ ಶತಮಾನದ ಅಮೆರಿಕದಲ್ಲಿ ಜಾಗದ ಹೆಸರು ಕೆಲಸಕ್ಕೂ ಅಂಟಿಕೊಂಡಿತು. ತೀರ್ಮಾನ ಮಾಡುವ ಅಧಿಕಾರ ನಮಗಿಲ್ಲ, ಅದು ಇರುವವರನ್ನು ಹುಡುಕಿಕೊಂಡು ಹೋಗಿ ಒಪ್ಪಿಸುತ್ತೇವೆ. ಅದು ಲಾಬಿ. ವಶೀಲಿ ಬೇರೆ, ಅಲ್ಲಿ ಪರಿಚಯವೇ ಸಾಕು, ವಾದ ಬೇಕಿಲ್ಲ. ಲಂಚವಂತೂ ಬೇರೆಯೇ.

ಈ ಕೆಲಸವನ್ನು ಒಳಗಿನಿಂದ ನೋಡಬೇಕಾದರೆ ಜಾರ್ಜ್ ಬ್ರೌನ್ ಹೆಂಡತಿಗೆ ಬರೆದ ಕಾಗದಗಳನ್ನು ಓದಬೇಕು. ಬ್ರೌನ್ ಟೊರಾಂಟೊದ ‘ಗ್ಲೋಬ್’ ಪತ್ರಿಕೆಯ ಒಡೆಯ, ರಾಜಕಾರಣಿ. 1862ರಲ್ಲಿ, 43ನೇ ವಯಸ್ಸಿನಲ್ಲಿ, ಎಡಿನ್‌ಬರೊದ ಆ್ಯನ್ ನೆಲ್ಸನ್ ಅವರನ್ನು ಮದುವೆಯಾದರು. 1864ರ ಸೆಪ್ಟೆಂಬರ್‌ನಲ್ಲಿ ಉತ್ತರ ಅಮೆರಿಕದ ಪೂರ್ವ ಕರಾವಳಿಯ ಮೂರು ಬ್ರಿಟಿಷ್ ವಸಾಹತುಗಳು ಪ್ರಿನ್ಸ್ ಎಡ್ವರ್ಡ್ ದ್ವೀಪದ ಷಾರ್ಲಟ್‌ಟೌನ್‌ನಲ್ಲಿ ಸಭೆ ಕರೆದಿದ್ದವು. ತಾವು ಮೂವರೂ ಒಂದಾಗುವುದಾ ಅನ್ನೋದು ಅವರ ವಿಷಯ. ಕೆನಡಾ ಪ್ರಾಂತದ (ಇಂದಿನ ಒಂಟಾರಿಯೊ, ಕ್ವಿಬೆಕ್) ನಾಯಕರು, ಬ್ರೌನ್ ಕೂಡ ಸೇರಿ, ತಾವೂ ಬರುತ್ತೇವೆ ಅಂತ ಕೇಳಿ ಬಂದರು. ನಮ್ಮನ್ನೂ ಸೇರಿಸಿಕೊಂಡು ದೊಡ್ಡ ಒಕ್ಕೂಟ ಕಟ್ಟೋಣ ಅಂತ ಹೇಳಲು. ಅವರು ಆ ಸಭೆಯ ಅಧಿಕೃತ ಸದಸ್ಯರಲ್ಲ.

ಹಡಗು ಬಂದರು ಮುಟ್ಟಿದಾಗ ಊರಿಗೆ ಸರ್ಕಸ್ ಬಂದಿತ್ತು, ಜನರೆಲ್ಲ ಅಲ್ಲೇ. ಸ್ವಾಗತಕ್ಕೆ ಒಬ್ಬ ಮಂತ್ರಿ ಸಣ್ಣ ದೋಣಿಯಲ್ಲಿ ಬಂದರು. ದೋಣಿಯ ಒಂದು ತುದಿಯಲ್ಲಿ ಹಿಟ್ಟಿನ ಪೀಪಾಯಿ, ಇನ್ನೊಂದು ತುದಿಯಲ್ಲಿ ಕಾಕಂಬಿಯ ಎರಡು ಜಾಡಿ. ತಾವು ಬಂದಿಳಿದ ಬಗೆಯನ್ನು ಬ್ರೌನ್ ಆ್ಯನ್‌ಗೆ ಬಿಡಿಸಿ ಬರೆದರು. ಸರ್ಕಾರಿ ದಾಖಲೆಯಲ್ಲಿ ಇಂಥದ್ದೆಲ್ಲ ಎಲ್ಲಿ ಸಿಗುತ್ತದೆ, ಹೇಳಿ?

ಹಗಲು ಸಭೆಯಲ್ಲಿ ಸರದಿಯ ಮೇಲೆ ವಾದ. ಹಣಕಾಸನ್ನು ಕೆನಡಾ ಪ್ರಾಂತದ ಹಣಕಾಸು ಮಂತ್ರಿ ಗಾಲ್ಟ್ ವಿವರಿಸಿದರು, ಸಂವಿಧಾನದ ಸ್ವರೂಪವನ್ನು ಬ್ರೌನ್. ಸೆಪ್ಟೆಂಬರ್ 3ರಂದು ಎಲ್ಲರಿಗೂ ಹಡಗಿನಲ್ಲೇ ಊಟ. ನಮ್ಮ ಮಾತಿನ ಬಲವೋ ಶಾಂಪೇನಿನ ಗುಣವೋ, ಬಿಗುಮಾನ ಕರಗಿತು, ವಸಾಹತುಗಳ ಮದುವೆ ಮಾತುಕತೆ ಅಲ್ಲೇ ಸಾರಿದಂತಾಯಿತು ಅನ್ನುವ ಅರ್ಥದಲ್ಲಿ ಅವರು ಬರೆಯುತ್ತಾರೆ. ನನಗೆ ಈ ಸಾಲು ತುಂಬ ಇಷ್ಟ. ಲಾಬಿಯಲ್ಲಿ ವಾದ ಎಷ್ಟು, ಊಟದ ಸಲಿಗೆ ಎಷ್ಟು ಅಂತ ಮಾಡಿದವರಿಗೇ ಬಿಡಿಸಿ ಹೇಳಲಾಗುವುದಿಲ್ಲ.

ಅಕ್ಟೋಬರ್‌ನಲ್ಲಿ ಕ್ವಿಬೆಕ್‌ನಲ್ಲಿ ಮತ್ತೆ ಸಭೆ, 72 ನಿರ್ಣಯಗಳು. 27ರ ಸಂಜೆ ಕೆಲಸ ಮುಗಿದದ್ದೇ ತಡ, ಬ್ರೌನ್ ಆ್ಯನ್‌ಗೆ ಕಾಗದ ಬರೆದರು. ಎಲ್ಲ ಸರಿಹೋಯಿತು, ಸಂವಿಧಾನ ಒಪ್ಪಿಗೆಯಾಯಿತು ಅನ್ನುವ ಸಂಭ್ರಮ. ಜೊತೆಗೆ ಇನ್ನೊಂದು ಮಾತೂ ಇದೆ: ಫ್ರೆಂಚ್ ಕೆನಡಿಯನ್ನರ ಪ್ರಾಬಲ್ಯ ಪೂರ್ತಿ ಅಳಿಸಿಹೋಯಿತು ಅಂತ. ಇದನ್ನು ಓದಿದಾಗ ಮನಸ್ಸಿಗೆ ಚುಚ್ಚುತ್ತದೆ. ಫ್ರೆಂಚ್ ಕೆನಡಿಯನ್ನರ ನಾಯಕ ಕಾರ್ಟಿಯೆ ಷಾರ್ಲಟ್‌ಟೌನ್‌ನಲ್ಲಿ ಬ್ರೌನ್ ಜೊತೆ ನಿಂತು ಇದೇ ಒಕ್ಕೂಟಕ್ಕಾಗಿ ವಾದಿಸಿದ್ದರು. ಒಕ್ಕೂಟವಾದರೆ ತಮ್ಮ ಪ್ರಾಂತ ತಮ್ಮ ಕೈಯಲ್ಲೇ ಇರುತ್ತದೆ ಅಂತ ಅವರು ತಮ್ಮ ಜನರನ್ನು ಒಪ್ಪಿಸಿದರು.