ಹಿಂದೆ ಕೂತ ಗಾಡಿಗೆ ಒಂದು ಪ್ಲೇಟ್ ಜಾಸ್ತಿ ಹಾಕಿದರೆ ಸಾಕಾ?

ಪ್ರಶ್ನೆ: ನನ್ನದು ಇಪ್ಪತ್ತು ವರ್ಷ ದಾಟಿದ ಫೋರ್ ವೀಲ್ ಡ್ರೈವ್. ಹಿಂದಿನ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ, ಬಾಗಿದ ಉಕ್ಕಿನ ಪ್ಲೇಟ್‌ಗಳ ಸೆಟ್) ಕೂತುಬಿಟ್ಟಿದೆ. ಖಾಲಿ ಇದ್ದಾಗಲೇ ಲೋಡ್ ಹೊತ್ತ ಹಾಗೆ ಕಾಣುತ್ತದೆ. ಸಣ್ಣ ಗುಂಡಿಗೂ ಹಿಂದಿನಿಂದ ಧಡ್ ಅನ್ನುತ್ತದೆ. ಒಂದು ಪ್ಲೇಟ್ ಜಾಸ್ತಿ ಹಾಕಿಸಿದರೆ ಸರಿಹೋಗುತ್ತೆ ಅಂತಾರೆ. ಹಾಕಿಸಲಾ, ಇಲ್ಲ ಪೂರ್ತಿ ಸೆಟ್ಟೇ ಬದಲಾಯಿಸಲಾ?

ಉತ್ತರ: ಹಾಕಿಸಿದರೆ ಗಾಡಿ ಮೇಲೇಳುವುದು ನಿಜ. ಆದರೆ ನೀವು ಹೇಳುವ ಲಕ್ಷಣಕ್ಕೆ ಅದು ಸರಿಯಾದ ಮದ್ದಲ್ಲ.

ಕೂತ ಸ್ಪ್ರಿಂಗ್ ಮೆತ್ತಗಾಗಿದೆ ಅಂತ ಸುಮಾರು ಜನ ಅಂದುಕೊಂಡಿದ್ದಾರೆ. ಹಾಗಲ್ಲ. ವಯಸ್ಸಾಯಿತು ಅಂತ ಉಕ್ಕಿನ ಬಿಗಿ ಕಡಿಮೆಯಾಗುವುದಿಲ್ಲ. ಪ್ಲೇಟಿನ ಉದ್ದ, ಅಗಲ, ದಪ್ಪ ಮೊದಲಿನಷ್ಟೇ ಇದ್ದರೆ, 100 ಕೆಜಿ ಹೇರಿದಾಗ ಹೊಸತರಲ್ಲಿ ಎಷ್ಟು ಇಳಿಯುತ್ತಿತ್ತೋ ಈಗಲೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಹೋಗಿರುವುದು ಬಾಗು. ವರ್ಷಗಟ್ಟಲೆ ಭಾರ ಹೊತ್ತು, ಮಿತಿ ಮೀರಿದ ಲೋಡಿನಲ್ಲಿ ಗುಂಡಿಗೆ ಬಿದ್ದು ಬಿದ್ದು ಕಮಾನು ಚಪ್ಪಟೆಯಾಗಿದೆ. ಅಂದರೆ ಸ್ಪ್ರಿಂಗ್ ಈಗ ತಗ್ಗಿನಿಂದಲೇ ಕೆಲಸ ಶುರು ಮಾಡುತ್ತಿದೆ. ಆಕ್ಸಲ್ಲಿಗೂ (ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಚಾಸಿಗೂ (ಗಾಡಿಯ ಅಡಿಯ ಚೌಕಟ್ಟು) ನಡುವೆ ಬಂಪ್ ಸ್ಟಾಪ್ ಅಂತ ಒಂದು ರಬ್ಬರ್ ತುಂಡು ಇರುತ್ತದಲ್ಲ, ಅದಕ್ಕೂ ಆಕ್ಸಲ್ಲಿಗೂ ಇರುವ ಜಾಗ ಕಮ್ಮಿಯಾಗಿದೆ. ನಿಮಗೆ ಕೇಳುವ ಧಡ್ ಶಬ್ದ ಬಹುಶಃ ಅಲ್ಲಿಂದಲೇ.

ಈಗ ಪ್ಲೇಟ್ ಲೆಕ್ಕ ನೋಡಿ. 7 ಮಿಮೀ ದಪ್ಪದ ಐದು ಪ್ಲೇಟ್ ಇರುವ ಕಡೆ ಅಂಥದ್ದೇ ಇನ್ನೊಂದು ಸೇರಿಸಿದರೆ ಬಿಗಿ ಸುಮಾರು 20 ಶೇಕಡಾ ಏರುತ್ತದೆ. ಸೇರಿಸಿದ್ದು 8 ಮಿಮೀ ಆದರೆ 30 ಶೇಕಡಾ. ಒಂದೇ ಒಂದು ಮಿಲಿಮೀಟರಿಗೆ ಇಷ್ಟೊಂದಾ ಅಂದರೆ, ಪ್ಲೇಟಿನ ಬಿಗಿ ದಪ್ಪದ ಘನದ ಲೆಕ್ಕದಲ್ಲಿ ಏರುತ್ತದೆ. ಏಳರ ಘನ 343, ಎಂಟರ ಘನ 512. ಅಲ್ಲಿಗೆ ಎಂಟರ ಒಂದು ಪ್ಲೇಟ್ ಏಳರ ಒಂದೂವರೆ ಪ್ಲೇಟಿಗೆ ಸಮ. ನಿಮಗೆ ಬೇಕಿದ್ದದ್ದು ಎತ್ತರ, ಸಿಕ್ಕಿದ್ದು ಎತ್ತರದ ಜೊತೆ ಬಿಗಿ. ಖಾಲಿ ಗಾಡಿ ಹಿಂದೆ ಕುಣಿಯಲು ಶುರು ಮಾಡುತ್ತದೆ. ಹಳೇ ಪ್ಲೇಟ್‌ಗಳು ಮಾತ್ರ ಚಪ್ಪಟೆಯಾಗಿಯೇ ಇರುತ್ತವೆ. ಹೊಸದೊಂದೇ ಬಾಗಿಕೊಂಡು ಅವನ್ನೆಲ್ಲ ಬೆನ್ನ ಮೇಲೆ ಹೊರುತ್ತದೆ.

ಈ ಪಾಠ ನಾನು ಕಲಿತದ್ದು ನನ್ನ ಹಳೇ ಗಾಡಿಯಲ್ಲೇ. ಒಂದು ವರ್ಕ್‌ಶಾಪಿನಲ್ಲಿ ಗಿಡ್ಡದ, ದಪ್ಪನೆಯ ಪ್ಲೇಟ್ ಒಂದನ್ನು ಕೆಳಗೆ ಸೇರಿಸಿ ಕೊಟ್ಟರು. ಗಾಡಿ ಗತ್ತಿನಲ್ಲಿ ನಿಂತಿತು, ನನಗೂ ಖುಷಿ. ಕೆಲವು ತಿಂಗಳ ನಂತರ ಕೆಳಗೆ ಮಲಗಿ ನೋಡಿದರೆ ಮೇಲಿನ ಪ್ಲೇಟಿಗೆ ಅಡ್ಡ ಒಂದು ಗೆರೆ. ಉಗುರು ಆಡಿಸಿದೆ, ಸಿಕ್ಕಿಕೊಂಡಿತು. ಬಿರುಕು! ಅದೂ ಸರಿಯಾಗಿ ಆ ಗಿಡ್ಡ ಪ್ಲೇಟಿನ ತುದಿ ಮುಗಿಯುವ ಜಾಗದಲ್ಲೇ. ಗಿಡ್ಡ ಪ್ಲೇಟ್ ನಡುವಿನ ಭಾಗವನ್ನು ಗಟ್ಟಿ ಹಿಡಿದುಬಿಟ್ಟರೆ ಬಾಗುವ ಕೆಲಸವೆಲ್ಲ ಅದರ ತುದಿಯಿಂದ ಆಚೆಗೆ ಬೀಳುತ್ತದೆ. ಮುರಿಯುವುದೂ ಅಲ್ಲೇ.

ಹಾಗಂತ ಪ್ಲೇಟ್ ಸೇರಿಸುವುದೇ ತಪ್ಪು ಅಂತಲ್ಲ. ಖಾಲಿ ಇದ್ದಾಗ ಗಾಡಿ ಸರಿಯಾಗಿ ನಿಂತು, ಸಾಮಾನು ಹೇರಿದಾಗ ಮಾತ್ರ ಕೂರುತ್ತಿದ್ದರೆ ಬಾಗು ಸರಿಯಿದೆ, ಬಿಗಿ ಸಾಲದು ಅಂತ ಅರ್ಥ. ದೊಡ್ಡ ಡೀಸೆಲ್ ಟ್ಯಾಂಕು, ಟೂಲ್ ಬಾಕ್ಸು ಅಂತ ಯಾವಾಗಲೂ ಹೊತ್ತು ತಿರುಗುವವರಿಗೆ ಉದ್ದನೆಯ, ಉಳಿದವುಗಳ ಬಾಗಿಗೆ ಹೊಂದುವ ಪ್ಲೇಟ್ ಸೇರಿಸಿದರೆ ಕೆಲಸ ಆಗುತ್ತದೆ. ನಿಮ್ಮದು ಖಾಲಿಯಲ್ಲೇ ಕೂತಿದೆ. ಅದು ಬೇರೆ ಕಥೆ.

ದುಡ್ಡು ಬಿಚ್ಚುವ ಮುಂಚೆ ಅಳತೆ ತಗೊಳ್ಳಿ. ಸಮತಟ್ಟು ನೆಲದಲ್ಲಿ ಗಾಳಿ ಸರಿ ಮಾಡಿಕೊಂಡು, ನಾಲ್ಕು ಹೆಜ್ಜೆ ಮುಂದೆ ಓಡಿಸಿ ನಿಲ್ಲಿಸಿ. ಚಕ್ರದ ನಟ್ಟನಡುವಿನಿಂದ ನೇರ ಮೇಲೆ ಮಡ್‌ಗಾರ್ಡಿನ ಅಂಚಿನವರೆಗೆ ಟೇಪ್ ಹಿಡಿಯಿರಿ. ಎರಡೂ ಕಡೆ ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವಕಳಿಯೂ ಸೇರಿ ಲೆಕ್ಕ ತಪ್ಪುತ್ತದೆ. ಎಡಕ್ಕೂ ಬಲಕ್ಕೂ 10 ಮಿಮೀ ಒಳಗೆ ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಡ್ರೈವರ್ ಕೂರುವ ಕಡೆ, ಟ್ಯಾಂಕ್ ಇರುವ ಕಡೆ ತುಸು ಜಾಸ್ತಿ ಕೂರುವುದು ಸಹಜ. ಹಳೇ ಸೀರೀಸ್ ಲ್ಯಾಂಡ್ ರೋವರಿಗೆ ಈ ಕಾರಣಕ್ಕೇ ಎಡಬಲಕ್ಕೆ ಬೇರೆ ಬೇರೆ ಸ್ಪ್ರಿಂಗ್ ಬರುತ್ತಿತ್ತು. ಆದರೆ ಒಂದು ಕಡೆ ಮಾತ್ರ ಎದ್ದು ಕಾಣುವಷ್ಟು ಕೂತಿದ್ದರೆ ಮೊದಲು ಮುರಿದ ಪ್ಲೇಟ್ ಹುಡುಕಿ.

ಅದಕ್ಕೆ ಟಾರ್ಚು, ತಂತಿ ಬ್ರಷ್ಷು ಸಾಕು. ಕೆಸರು ಉಜ್ಜಿ ತೆಗೆದು ಸೆಂಟರ್ ಬೋಲ್ಟ್, ಅಂದರೆ ಪ್ಲೇಟ್‌ಗಳನ್ನೆಲ್ಲ ನಡುವೆ ಪೋಣಿಸಿ ಹಿಡಿದಿರುವ ಬೋಲ್ಟ್, ಅದರ ಸುತ್ತ ಚೆನ್ನಾಗಿ ನೋಡಿ. ಬೋಲ್ಟಿಗಾಗಿ ತೂತು ಕೊರೆದಿರುವುದರಿಂದ ಪ್ಲೇಟ್ ಅಲ್ಲೇ ದುರ್ಬಲ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿದು ಹಿಡಿಯುವ ಯು ಆಕಾರದ ಬೋಲ್ಟ್ (ಯು ಬೋಲ್ಟ್) ಸಡಿಲವಾಗಿದ್ದರಂತೂ ಅಲ್ಲೇ ಮುರಿಯುತ್ತದೆ. ಆಮೇಲೆ ಶ್ಯಾಕಲ್ ನೋಡಿ, ಸ್ಪ್ರಿಂಗಿನ ಒಂದು ತುದಿಯನ್ನು ಚಾಸಿಗೆ ಸೇರಿಸುವ, ತೂಗಾಡುವ ಕೊಂಡಿ ಅದು. ಸ್ಪ್ರಿಂಗ್ ಚಪ್ಪಟೆಯಾದ ಹಾಗೆ ಉದ್ದವಾಗಿ ಶ್ಯಾಕಲನ್ನು ತಳ್ಳುತ್ತದೆ. ಅದು ವಾಲಿ ಚಾಸಿಗೆ ಹತ್ತಿರ ಹೋಗಿದ್ದರೆ ಸ್ಪ್ರಿಂಗಿಗೆ ಆಡಲು ಜಾಗವೇ ಉಳಿದಿಲ್ಲ ಅಂತ. ಪ್ಲೇಟ್‌ಗಳ ನಡುವೆ ತುಕ್ಕು ಪದರ ಕಟ್ಟಿ ಅವು ಒಂದಕ್ಕೊಂದು ಅಂಟಿಕೊಂಡಿದ್ದರೆ ಗಾಡಿ ಕೂತೂ ಇರುತ್ತದೆ, ಕಲ್ಲಿನ ಹಾಗೆ ಗಟ್ಟಿಯೂ ಇರುತ್ತದೆ.

ಪ್ಲೇಟ್‌ಗಳೆಲ್ಲ ಗಟ್ಟಿಮುಟ್ಟಾಗಿದ್ದು ಬಾಗು ಮಾತ್ರ ಹೋಗಿದ್ದರೆ ಮತ್ತೆ ಬಾಗಿಸಬಹುದು. ಇಲ್ಲಿ ವರ್ಕ್‌ಶಾಪಿನವರನ್ನು ಒಂದು ಮಾತು ಕೇಳಲೇಬೇಕು: ತಣ್ಣಗೇ ಬಾಗಿಸುತ್ತೀರಾ, ಕಾಯಿಸಿ ಹದ ಹಾಕುತ್ತೀರಾ? ತಣ್ಣಗಿರುವಾಗ ಪ್ರೆಸ್ಸಿನಲ್ಲಿ ಒತ್ತಿದ್ದು, ಸುತ್ತಿಗೆಯಲ್ಲಿ ಬಡಿದದ್ದು ಅಗ್ಗ, ಆದರೆ ಬೇಗ ಮತ್ತೆ ಕೂರುತ್ತದೆ. ಸರಿಯಾದ ಕೆಲಸ ಅಂದರೆ ಸೆಟ್ ಪೂರ್ತಿ ಬಿಚ್ಚಿ, ಒಂದೊಂದೇ ಪ್ಲೇಟನ್ನು ಕುಲುಮೆಯಲ್ಲಿ ಸುಮಾರು 850 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ಬಾಗಿಸಿ, ಎಣ್ಣೆಗೆ ಅದ್ದಿ, ಮತ್ತೆ ಕಡಿಮೆ ಬಿಸಿಯಲ್ಲಿ ಹದಕ್ಕೆ ತರಬೇಕು. ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿ ಬಾಗಿಸಿ ಹಾಗೇ ಆರಲು ಬಿಡುವವರಿದ್ದಾರೆ. ಅವರ ಕೈಗೆ ಕೊಡಬೇಡಿ. ಹದ ಹೋದ ಪ್ಲೇಟ್ ಸುಮ್ನೆ ಕಬ್ಬಿಣದ ಪಟ್ಟಿ, ಅಷ್ಟೇ. ಮುರಿದದ್ದಕ್ಕೆ ವೆಲ್ಡಿಂಗ್ ಮಾಡಿಸುವ ಯೋಚನೆಯೂ ಬೇಡ.

ಇಷ್ಟೆಲ್ಲ ಮಾಡಿದರೂ ಉಕ್ಕು ಅದೇ ಹಳೆಯದು. ಇಪ್ಪತ್ತು ವರ್ಷದ ದಣಿವು, ಕಣ್ಣಿಗೆ ಕಾಣದ ಬಿರುಕು ಕುಲುಮೆಯಲ್ಲಿ ಕರಗಿಹೋಗುವುದಿಲ್ಲ. ಹಾಗಾಗಿ ನಿಮ್ಮ ಗಾಡಿಗೆ ಸ್ಪ್ರಿಂಗ್ ಇನ್ನೂ ಸಿಗುತ್ತಿದ್ದರೆ ಹೊಸ ಸೆಟ್ಟೇ ಹಾಕಿ ಅಂತ ನನ್ನ ಮಾತು. ಹಾಕಿದರೆ ಜೋಡಿಯೇ ಹಾಕಿ. ಸಿಗದೇ ಇರುವ ಅಪರೂಪದ ಗಾಡಿಗೆ ಮಾತ್ರ ಬಾಗಿಸುವ ದಾರಿ. ಕೊಳ್ಳುವಾಗ ನೀವು ದಿನಾ ಹೊರುವ ತೂಕ ಹೇಳಿ, ವರ್ಷಕ್ಕೊಮ್ಮೆ ಹೊರುವುದನ್ನಲ್ಲ. ಎಷ್ಟೇ ಬಿಗಿ ಸ್ಪ್ರಿಂಗ್ ಹಾಕಿದರೂ ಗಾಡಿಯ ಭಾರದ ಮಿತಿ ಏರುವುದಿಲ್ಲ. ಬ್ರೇಕು, ಆಕ್ಸಲ್ಲು, ಟೈರು ಎಲ್ಲ ಹಳೆಯವೇ ಅಲ್ವಾ?

ಉದ್ದನೆಯ ಶ್ಯಾಕಲ್ ಹಾಕಿ ಎತ್ತರಿಸುವ ಅಡ್ಡದಾರಿಯೂ ಇದೆ. 50 ಮಿಮೀ ಉದ್ದ ಮಾಡಿದರೆ ಆಕ್ಸಲ್ ಮೇಲೆ ಸಿಗುವುದು ಅದರರ್ಧ. ಜೊತೆಗೆ ಡಿಫರೆನ್ಶಿಯಲ್ (ಆಕ್ಸಲ್ ನಡುವಿನ ಗೇರಿನ ಗುಂಡು) ಮೂತಿ ತಿರುಗಿ, ಗೇರ್‌ಬಾಕ್ಸಿನಿಂದ ಅದಕ್ಕೆ ಶಕ್ತಿ ತರುವ ಪ್ರೊಪೆಲ್ಲರ್ ಶಾಫ್ಟ್ ಅದುರಬಹುದು. ಕೂತ ಸ್ಪ್ರಿಂಗಿಗೆ ಇದು ಪರಿಹಾರವೇ ಅಲ್ಲ.

ಕೂರಿಸುವಾಗಿನ ವಿಷಯಕ್ಕೆ ಬರೋಣ. ಸ್ಪ್ರಿಂಗ್ ಒಳ್ಳೆಯದಿದ್ದೂ ಕೆಲಸ ಕೆಡುವುದು ಇಲ್ಲೇ. ಚಾಸಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಆಕ್ಸಲ್ಲಿಗೆ ಬೇರೆ ಜಾಕ್ ಕೊಡಬೇಕು. ಬರೀ ಜಾಕ್ ನಂಬಿ ಕೆಳಗೆ ಹೋಗಬೇಡಿ. ಪ್ಲೇಟ್ ಬಿಡಿಸುವುದಿದ್ದರೆ ಸೆಂಟರ್ ಬೋಲ್ಟ್ ಬಿಚ್ಚುವ ಮುಂಚೆ ಗಟ್ಟಿ ಕ್ಲ್ಯಾಂಪ್ ಹಾಕಿ, ಇಲ್ಲದಿದ್ದರೆ ಬಿಗಿಯಲ್ಲಿದ್ದ ಪ್ಲೇಟ್‌ಗಳು ಚಿಮ್ಮುತ್ತವೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ (ಸ್ಪ್ರಿಂಗ್ ಕೂರುವ ಜಾಗ) ತೂತಿನೊಳಗೆ ಕೂತಿದೆಯಾ ಅಂತ ಕಣ್ಣಾರೆ ನೋಡಿ. ಯು ಬೋಲ್ಟ್ ಹೊಸದೇ ಇರಲಿ, ಒಮ್ಮೆ ಎಳೆದು ಬಿಗಿದದ್ದು ಮತ್ತೆ ಅಷ್ಟು ನಂಬಿಕೆಗೆ ಬರುವುದಿಲ್ಲ. ನಾಲ್ಕು ನಟ್ಟನ್ನೂ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ.

ಇನ್ನೊಂದು, ಬಹಳ ಜನ ತಪ್ಪುವುದು. ಸ್ಪ್ರಿಂಗ್ ತುದಿಯ ಸುರುಳಿ ತೂತಿನ (ಕಣ್ಣಿನ) ಬೋಲ್ಟು, ಶ್ಯಾಕಲ್ ಬೋಲ್ಟುಗಳನ್ನು ಗಾಡಿ ಮೇಲೆತ್ತಿದಾಗಲೇ ಪೂರ್ತಿ ಬಿಗಿದುಬಿಡುತ್ತಾರೆ. ಆಗ ಬೋಲ್ಟಿನ ಸುತ್ತ ಇರುವ ರಬ್ಬರ್ ಬುಷ್ (ರಬ್ಬರ್ ಕೊಳವೆ) ಆ ನೇತಾಡುವ ಭಂಗಿಯಲ್ಲೇ ಸಿಕ್ಕಿಬೀಳುತ್ತದೆ. ಗಾಡಿ ಇಳಿಸಿದ ಕೂಡಲೇ ತಿರುಚಿಕೊಳ್ಳುತ್ತದೆ, ಇಡೀ ದಿನ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಮೊದಲು ಕೈಬಿಗಿ ಮಾತ್ರ ಮಾಡಿ, ಚಕ್ರದ ಮೇಲೆ ಗಾಡಿಯ ಪೂರ್ತಿ ಭಾರ ಬಂದ ಮೇಲೆ ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್) ಹಿಡಿಯಿರಿ. 500 ಕಿಮೀ ಓಡಿದ ಮೇಲೆ ಎಲ್ಲವನ್ನೂ ಮತ್ತೊಮ್ಮೆ ಬಿಗಿ ನೋಡಿ.

ಎತ್ತರ ಬದಲಾದ ಮೇಲೆ ಬ್ರೇಕಿನ ಕಡೆಗೂ ಗಮನ ಇರಲಿ. ಅನೇಕ ಹಳೇ ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿನಿಂದ ಚಾಸಿಯ ಮೇಲಿನ ಒಂದು ವಾಲ್ವಿಗೆ ಸಣ್ಣ ಸರಳು ಹೋಗಿರುತ್ತದೆ. ಹಿಂಭಾಗ ಎಷ್ಟು ಕೂತಿದೆ ಅನ್ನುವುದರ ಮೇಲೆ ಲೋಡ್ ಅಂದಾಜು ಮಾಡಿ, ಹಿಂದಿನ ಬ್ರೇಕಿಗೆ ಎಷ್ಟು ಒತ್ತಡ ಬಿಡಬೇಕು ಅಂತ ಅದು ನಿರ್ಧರಿಸುತ್ತದೆ. ಸ್ಪ್ರಿಂಗ್ ಕೂತಿದ್ದಷ್ಟು ದಿನ ಖಾಲಿ ಗಾಡಿಯನ್ನೇ ಲೋಡ್ ಗಾಡಿ ಅಂತ ತಿಳಿದಿತ್ತು. ಈಗ ಮೂಲ ಎತ್ತರಕ್ಕಿಂತ ಮೇಲೆ ಎತ್ತಿದರೆ ಲೋಡ್ ಗಾಡಿಯನ್ನೂ ಖಾಲಿ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಅಳತೆಗೆ ಆ ಸರಳನ್ನು ಹೊಂದಿಸಿಸಿ.

ಹೊಸ ಸ್ಪ್ರಿಂಗ್ ಮೊದಲ ಕೆಲವು ವಾರ ತುಸು ಇಳಿದು ಆಮೇಲೆ ನಿಲ್ಲುತ್ತದೆ. ಹೆಡ್‌ಲೈಟ್ ಸರಿ ಮಾಡಿಸುವುದನ್ನು ಅಲ್ಲಿಯವರೆಗೆ ತಡೆಯಬೇಡಿ, ಆ ದಿನವೇ ಒಮ್ಮೆ, ಆಮೇಲೆ ಇನ್ನೊಮ್ಮೆ ಮಾಡಿಸಿ. ಹಿಂಭಾಗ ಕೂತಿದ್ದಾಗ ಎದುರಿನವರ ಕಣ್ಣಿಗೆ ಹೊಡೆಯುತ್ತಿದೆ ಅಂತ ಯಾರಾದರೂ ಬೆಳಕು ತಗ್ಗಿಸಿಟ್ಟಿದ್ದರೆ, ಈಗ ಅದು ಬಾನೆಟ್ಟಿನಿಂದ ನಾಲ್ಕು ಮಾರು ಮುಂದಷ್ಟೇ ಬೀಳುತ್ತಿರುತ್ತದೆ.