ಒಂದು ಖಾಲಿ ರೂಮಿನಿಂದ ಊರಿನ ಬಾಡಿಗೆ ಏರುತ್ತದೆಯೇ?

ಓದುಗರ ಪ್ರಶ್ನೆ: ಮಗಳು ಓದಲು ಹೊರಗೆ ಹೋದ ಮೇಲೆ ಮನೆಯಲ್ಲಿ ಒಂದು ರೂಮು ಖಾಲಿ ಬಿದ್ದಿದೆ. ಏರ್‌ಬಿಎನ್‌ಬಿಯಂಥ ಕಡೆ ದಿನಬಾಡಿಗೆಗೆ ಹಾಕೋಣವೆಂದಿದ್ದೇವೆ. ಆದರೆ ಇಂಥ ಬಾಡಿಗೆಯಿಂದಲೇ ದೊಡ್ಡ ಊರುಗಳಲ್ಲಿ ಜನಕ್ಕೆ ಮನೆ ಸಿಗುತ್ತಿಲ್ಲ ಎನ್ನುತ್ತಾರೆ. ನಾವೇ ವಾಸವಿರುವ ಮನೆಯ ಒಂದು ರೂಮಿನಿಂದ ಅಂಥದ್ದೇನಾಗುತ್ತದೆ?

ಉತ್ತರ: ನೀವು ದಿನಬಾಡಿಗೆಗೆ ಕೊಡದಿದ್ದರೂ ಆ ರೂಮು ಖಾಲಿಯೇ ಇರುತ್ತಿತ್ತು ಎಂದಾದರೆ ಊರಿನ ಬಾಡಿಗೆಯ ಮೇಲೆ ಯಾವ ಪರಿಣಾಮವೂ ಇಲ್ಲ. ತಿಂಗಳ ಬಾಡಿಗೆಗೆ ಒಬ್ಬರು ವಾಸವಿರಬಹುದಾಗಿದ್ದ ಜಾಗವನ್ನು ಪ್ರವಾಸಿಗರಿಗೆ ತಿರುಗಿಸಿದಾಗ ಮಾತ್ರ ಬಾಡಿಗೆ ಏರುತ್ತದೆ. ಇಡೀ ಮನೆಯ ವಿಷಯದಲ್ಲಿ ಇದನ್ನು ಗುರುತಿಸುವುದು ಸುಲಭ. ರೂಮಿನ ವಿಷಯದಲ್ಲಿ ಸ್ವಲ್ಪ ಯೋಚಿಸಬೇಕು.

ಲಕ್ಷಗಟ್ಟಲೆ ಮನೆಗಳಿರುವ ಊರಿನಲ್ಲಿ ಕೆಲವು ಸಾವಿರ ಮನೆ ದಿನಬಾಡಿಗೆಗೆ ಹೋದರೆ ಏನು ಮಹಾ ಎಂಬ ವಾದ ಎಲ್ಲೆಡೆ ಕೇಳಿಬರುತ್ತದೆ. ನ್ಯೂಯಾರ್ಕಿನ ಲೆಕ್ಕ ನೋಡಿ. 2023ರ ನಗರ ಸಮೀಕ್ಷೆಯ ಪ್ರಕಾರ ಅಲ್ಲಿ ಸುಮಾರು 37 ಲಕ್ಷ ಮನೆಗಳಿದ್ದವು. ಆದರೆ ಖಾಲಿಯಿದ್ದು ಬಾಡಿಗೆಗೆ ಸಿಗುತ್ತಿದ್ದವು ಸುಮಾರು 33 ಸಾವಿರ ಮಾತ್ರ, ಅಂದರೆ ಬಾಡಿಗೆ ಮನೆಗಳಲ್ಲಿ ಶೇ 1.41. ಈ ಪ್ರಮಾಣ ಶೇ 5ಕ್ಕಿಂತ ಕೆಳಗಿದ್ದರೆ ವಸತಿಯ ತುರ್ತು ಪರಿಸ್ಥಿತಿ ಎಂದು ಅಲ್ಲಿನ ಬಾಡಿಗೆ ನಿಯಂತ್ರಣ ಕಾನೂನು ಪರಿಗಣಿಸುತ್ತದೆ. ಈಗ 10 ಸಾವಿರ ಮನೆಗಳು ದಿನಬಾಡಿಗೆಗೆ ಹೋದವು ಎಂದಿಟ್ಟುಕೊಳ್ಳಿ. 37 ಲಕ್ಷದಲ್ಲಿ ಅದು ಶೇ 0.3 ಕೂಡ ಆಗುವುದಿಲ್ಲ. 33 ಸಾವಿರದ ಪಕ್ಕದಲ್ಲಿಟ್ಟರೆ ಮೂರನೇ ಒಂದು ಪಾಲಿನಷ್ಟಾಗುತ್ತದೆ. ಜನ ವಾಸವಿರುವ ಮನೆಗಳು ಮಾರುಕಟ್ಟೆಯಲ್ಲೇ ಇರುವುದಿಲ್ಲ. ಟು-ಲೆಟ್ ಬೋರ್ಡು ಬಿದ್ದ ಮನೆ ಎಷ್ಟು, ಹುಡುಕುವವರು ಎಷ್ಟು ಎಂಬುದರ ಮೇಲೆ ಹೊಸ ಬಾಡಿಗೆ ನಿಲ್ಲುತ್ತದೆ.

ಪರಿಣಾಮ ಊರೆಲ್ಲ ಒಂದೇ ಸಮನಾಗಿಯೂ ಇರುವುದಿಲ್ಲ. ಬಾರ್ಸಿಲೋನಾ ಕುರಿತು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಏರ್‌ಬಿಎನ್‌ಬಿಯಿಂದಾಗಿ ಬಾಡಿಗೆ ಸರಾಸರಿ ಶೇ 1.9 ಏರಿತೆಂದು ಲೆಕ್ಕ ಹಾಕಿತು. ಪ್ರವಾಸಿಗರು ಮುತ್ತಿಕೊಂಡ ಬಡಾವಣೆಗಳಲ್ಲಿ ಅದು ಶೇ 7. ಸರಾಸರಿಯನ್ನಷ್ಟೇ ಹಿಡಿದು ಇದೇನೂ ದೊಡ್ಡದಲ್ಲ ಎನ್ನುವವರು ಆ ಬಡಾವಣೆಗಳಿಂದ ಎದ್ದು ಹೋಗಬೇಕಾದ ಕುಟುಂಬಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ. ಅಮೆರಿಕದ ಊರುಗಳ ಕುರಿತ ಇನ್ನೊಂದು ಅಧ್ಯಯನದಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುವ ಅಂಶವೊಂದಿದೆ: ಮಾಲೀಕರು ತಾವೇ ವಾಸವಿರುವ ಮನೆಗಳು ಹೆಚ್ಚಿರುವ ಪ್ರದೇಶಗಳಲ್ಲಿ ಬಾಡಿಗೆ ಏರಿಕೆ ಕಡಿಮೆ. ಅಲ್ಲಿ ದಿನಬಾಡಿಗೆಗೆ ಹೋಗುವುದು ಹೆಚ್ಚಾಗಿ ಮನೆಯೊಳಗಿನ ಹೆಚ್ಚುವರಿ ಜಾಗ. ಯಾವ ಬಾಡಿಗೆದಾರರನ್ನೂ ಎಬ್ಬಿಸಿ ಆ ಜಾಗ ಮಾಡಿಕೊಂಡದ್ದಲ್ಲ.

ಮಾಲೀಕರು ಇಡೀ ಮನೆಯನ್ನು ಏಕೆ ತಿರುಗಿಸುತ್ತಾರೆ ಎಂಬುದಕ್ಕೆ ಸರಳ ಲೆಕ್ಕವಿದೆ. ಉದಾಹರಣೆಗೆ, ತಿಂಗಳಿಗೆ 30,000 ರೂಪಾಯಿ ಬರುವ ಎರಡು ಬೆಡ್‌ರೂಮಿನ ಮನೆಗೆ ದಿನಕ್ಕೆ 3,000 ಸಿಗುತ್ತದೆ ಎನ್ನೋಣ. ಪ್ಲಾಟ್‌ಫಾರಂ ಕಮಿಷನ್ ಶೇ 15 ಎಂದರೆ 450 ಹೋಯಿತು. ಪ್ರತಿ ಅತಿಥಿ ಹೋದ ಮೇಲೆ ಗುಡಿಸಿ ಒರೆಸಿ ಬೆಡ್‌ಶೀಟು ಒಗೆಸಲು 500. ಸರಾಸರಿ ಎರಡು ರಾತ್ರಿ ತಂಗಿದರೆ ದಿನಕ್ಕೆ 250. ಕರೆಂಟು, ನೀರು, ಇಂಟರ್‌ನೆಟ್ಟಿಗೆ 200. ಕೈಗೆ ಉಳಿಯುವುದು 2,100. ತಿಂಗಳಲ್ಲಿ 15 ರಾತ್ರಿ ಭರ್ತಿಯಾದರೆ ತಿಂಗಳ ಬಾಡಿಗೆಯನ್ನು ದಾಟಿತು. ಮಂಚ, ಏಸಿ, ಪಾತ್ರೆಪಗಡಕ್ಕೆ ಹಾಕಿದ ಬಂಡವಾಳ ಬೇರೆ. ಈ 15 ರಾತ್ರಿ ಎಲ್ಲಾ ಕಡೆ ತುಂಬುವುದಿಲ್ಲ. ಆಸ್ಪತ್ರೆ, ಐಟಿ ಪಾರ್ಕ್, ಪ್ರವಾಸಿ ತಾಣಗಳ ಹತ್ತಿರ ತುಂಬುತ್ತದೆ. ದಿನಬಾಡಿಗೆ ಮನೆಗಳು ಕೆಲವೇ ಬೀದಿಗಳಲ್ಲಿ ಗುಂಪಾಗುವುದು ಈ ಕಾರಣಕ್ಕೆ.

ರೂಮಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ನಿಮ್ಮ ರೂಮಿಗೆ ಹತ್ತಿರದ ಕಾಲೇಜಿನ ವಿದ್ಯಾರ್ಥಿನಿ ಅಥವಾ ಕೆಲಸಕ್ಕೆ ಹೊಸದಾಗಿ ಸೇರಿದವರು ಪೇಯಿಂಗ್ ಗೆಸ್ಟ್ ಆಗಿ ಬರುವಂತಿದ್ದು, ಅವರನ್ನು ಬಿಟ್ಟು ಪ್ರವಾಸಿಗರನ್ನು ಆರಿಸಿಕೊಂಡರೆ ಊರಿನಲ್ಲಿ ವಾಸಕ್ಕಿದ್ದ ಒಂದು ಜಾಗ ಕಡಿಮೆಯಾದಂತೆಯೇ. ಮಗಳು ರಜೆಗೆ ಬಂದಾಗ ರೂಮು ಬೇಕು, ಊರಿನಿಂದ ಅತ್ತೆ ಮಾವ ಬಂದರೆ ಬೇಕು, ವರ್ಷವಿಡೀ ಬೇರೆಯವರಿಗೆ ಕೊಡಲಾಗದು ಎಂಬ ಸ್ಥಿತಿಯಿದ್ದರೆ ಆ ಮಾತು ಬಾರದು. ಅಂಥ ರೂಮಿಗೆ ದಿನಬಾಡಿಗೆಯೇ ಸರಿಯಾದ ಬಳಕೆ, ಅದರಲ್ಲಿ ಹಿಂಜರಿಯುವಂಥದ್ದು ಏನೂ ಇಲ್ಲ.

ಈ ಗೆರೆಯನ್ನು ಕಾನೂನಿನಲ್ಲಿ ಅತ್ಯಂತ ಬಿಗಿಯಾಗಿ ಎಳೆದಿರುವ ಊರುಗಳಲ್ಲಿ ನ್ಯೂಯಾರ್ಕ್ ಒಂದು. ‘ಲೋಕಲ್ ಲಾ 18’ ಎಂಬ ಅಲ್ಲಿನ ಸ್ಥಳೀಯ ಕಾನೂನು 2023ರ ಸೆಪ್ಟೆಂಬರ್‌ನಿಂದ ಕಟ್ಟುನಿಟ್ಟಾಗಿ ಜಾರಿಯಲ್ಲಿದೆ. 30 ದಿನಕ್ಕಿಂತ ಕಡಿಮೆ ಅವಧಿಗೆ ಕೊಡುವುದಾದರೆ ಮನೆಯವರು ಅದೇ ಮನೆಯಲ್ಲಿ ಇರಬೇಕು, ಹಣ ಕೊಡುವ ಅತಿಥಿಗಳು ಇಬ್ಬರನ್ನು ಮೀರಬಾರದು, 145 ಡಾಲರ್ ಶುಲ್ಕ ಕಟ್ಟಿ ನಗರಾಡಳಿತದಲ್ಲಿ ನೋಂದಾಯಿಸಿಕೊಳ್ಳಬೇಕು. ಅತಿಥಿಯ ರೂಮನ್ನು ಬೀಗ ಹಾಕಿ ಬೇರ್ಪಡಿಸುವಂತಿಲ್ಲ. ಅತಿಥಿಗೆ ಮನೆಯ ಎಲ್ಲ ಭಾಗಕ್ಕೂ ಹೊರಬಾಗಿಲುಗಳಿಗೂ ದಾರಿ ಇರಬೇಕು. ಈ ಕೊನೆಯ ಷರತ್ತು ಹಲವರಿಗೆ ವಿಚಿತ್ರವೆನಿಸುತ್ತದೆ. ಬೀಗ ಬಿದ್ದ ರೂಮು ಮನೆಯೊಳಗಿನ ಇನ್ನೊಂದು ಮನೆಯಾಗಿಬಿಡುತ್ತದೆ. ಬೆಂಕಿ ಬಿದ್ದಾಗ ದಾರಿ ಗೊತ್ತಿಲ್ಲದ ಹೊಸಬರು ಒಳಗೆ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ಆದರೂ ಈ ಕಾನೂನಿಗೆ ಬಲ ಬಂದದ್ದು ಇನ್ನೊಂದು ನಿಯಮದಿಂದ: ನೋಂದಣಿ ಸಂಖ್ಯೆಯನ್ನು ನಗರದ ದಾಖಲೆಯೊಂದಿಗೆ ತಾಳೆ ನೋಡದೆ ಪ್ಲಾಟ್‌ಫಾರಂ ಹಣ ಪಡೆಯುವಂತಿಲ್ಲ. ಲಂಡನ್ನಿನಲ್ಲಿ ಪ್ರತ್ಯೇಕ ಅನುಮತಿಯಿಲ್ಲದೆ ಇಡೀ ಮನೆಯನ್ನು ವರ್ಷಕ್ಕೆ 90 ರಾತ್ರಿ ಮಾತ್ರ ಹೀಗೆ ಕೊಡಬಹುದೆಂಬ ಮಿತಿ 2015ರಿಂದ ಇದೆ. ಒಂದು ಜಾಲತಾಣ 90 ಎಣಿಸಿ ನಿಲ್ಲಿಸಿದರೆ ಅದೇ ಮನೆ ಮತ್ತೊಂದು ಜಾಲತಾಣದಲ್ಲಿ ಕಾಣಿಸಿಕೊಳ್ಳಬಹುದು. ಎಲ್ಲವನ್ನೂ ಕೂಡಿಸಿ ಎಣಿಸುವವರಿಲ್ಲದಿದ್ದರೆ ರಾತ್ರಿಗಳ ಮಿತಿ ಕಾಗದದಲ್ಲೇ ಉಳಿಯುತ್ತದೆ. ಬರ್ಲಿನ್ನಿನ ಕ್ರಮ ಹೆಚ್ಚು ಸರಳ: ನೀವು ವಾಸವಿರುವ ಮನೆಯ ಅರ್ಧಕ್ಕಿಂತ ಕಡಿಮೆ ವಿಸ್ತೀರ್ಣವನ್ನು ಕೊಡಲು ಪ್ರತ್ಯೇಕ ಅನುಮತಿ ಬೇಡ, ನೋಂದಣಿ ಸಂಖ್ಯೆ ಸಾಕು. ಪೂರ್ತಿ ಮನೆಗೆ ಅನುಮತಿ ಬೇಕು. ನಮ್ಮ ಊರುಗಳಿಗೆ ಹೊಂದುವ ಮಾದರಿ ಇದೇ ಎನಿಸುತ್ತದೆ.

ನ್ಯೂಯಾರ್ಕಿನಲ್ಲಿ ಕಾನೂನು ಬಂದ ಮೇಲೆ ಜಾಲತಾಣಗಳಲ್ಲಿದ್ದ ಅಲ್ಪಾವಧಿ ಬಾಡಿಗೆಯ ಜಾಹೀರಾತುಗಳಲ್ಲಿ ಬಹುಪಾಲು ಮಾಯವಾದವು. ಬಾಡಿಗೆ ಮಾತ್ರ ಇಳಿಯಲಿಲ್ಲ. ಹಲವು ಮನೆಗಳು 30 ದಿನ ಮೀರಿದ ಫರ್ನಿಷ್ಡ್ ಬಾಡಿಗೆಗೆ ತಿರುಗಿದವು, ಮರಳಿ ಬಂದವು ಬೇಡಿಕೆಯ ಮುಂದೆ ಸಾಲಲಿಲ್ಲ. ಅಷ್ಟಕ್ಕೇ ಕಾನೂನು ವ್ಯರ್ಥ ಎನ್ನಲಾಗದು. ಮನೆಗಳು ಕೈತಪ್ಪುವುದನ್ನು ಅದು ತಡೆಯುತ್ತದೆ, ಹೊಸ ಮನೆ ಕಟ್ಟುವ ಕೆಲಸ ಅದರಿಂದಾಗದು. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, 10,101 ಪ್ರವಾಸಿ ಅಪಾರ್ಟ್‌ಮೆಂಟುಗಳ ಪರವಾನಗಿಯನ್ನು ನವೀಕರಿಸದೆ ನವೆಂಬರ್ 2028ರ ಹೊತ್ತಿಗೆ ಮುಗಿಸುವುದಾಗಿ 2024ರ ಜೂನ್‌ನಲ್ಲಿ ಘೋಷಿಸಿದೆ.

ಇನ್ನು ನೀವು ಬೆಂಗಳೂರಿನಲ್ಲೋ ಮೈಸೂರಿನಲ್ಲೋ ರೂಮು ಕೊಡುವುದಾದರೆ ಮೊದಲು ಅಗ್ರಿಮೆಂಟ್ ತೆಗೆದು ಓದಿ. ನೀವೇ ಬಾಡಿಗೆಗಿದ್ದರೆ ಒಳಬಾಡಿಗೆಗೆ ಕೊಡಬಾರದೆಂಬ ಷರತ್ತು ಅದರಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಓನರ್ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು, ಬರಹದಲ್ಲಿ ಪಡೆಯಿರಿ. ಇಲ್ಲವಾದರೆ ಜಗಳ ಬಂದ ದಿನ ಅಡ್ವಾನ್ಸ್ ವಾಪಸಾಗುವುದೇ ಕಷ್ಟ. ಸ್ವಂತ ಫ್ಲ್ಯಾಟ್ ಆದರೂ ಅಪಾರ್ಟ್‌ಮೆಂಟ್ ಸಂಘದ ಬೈಲಾ ನೋಡಿ, ಸೆಕ್ಯುರಿಟಿಗೆ ಅತಿಥಿಯ ಹೆಸರು ಮೊದಲೇ ತಿಳಿಸಿ. ಹೆಚ್ಚಿನ ತಕರಾರು ಹುಟ್ಟುವುದು ಗೇಟಿನಲ್ಲಿ ಮತ್ತು ಪಾರ್ಕಿಂಗ್‌ನಲ್ಲಿ.

ಹೋಂಸ್ಟೇ ನೋಂದಣಿಗೆ ರಾಜ್ಯ ಪ್ರವಾಸೋದ್ಯಮ ಇಲಾಖೆಯನ್ನು ವಿಚಾರಿಸಿ. ಕೇಂದ್ರದ ಬೆಡ್ ಅಂಡ್ ಬ್ರೇಕ್‌ಫಾಸ್ಟ್ ಯೋಜನೆಯಲ್ಲಿ ಒಂದರಿಂದ ಆರು ರೂಮುಗಳವರೆಗೆ ಕೊಡಬಹುದು, 12 ಹಾಸಿಗೆ ಮೀರುವಂತಿಲ್ಲ, ಮನೆಯವರು ಅಲ್ಲೇ ವಾಸವಿರಬೇಕು. ಭಾರತೀಯ ಅತಿಥಿಗಳ ಗುರುತಿನ ಚೀಟಿ ನೋಡಿ ವಿವರ ಬರೆದಿಟ್ಟುಕೊಳ್ಳಿ. ಆಧಾರ್ ಪ್ರತಿ ಪಡೆಯುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು. ವಿದೇಶಿಯರು ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರಗಳ ನಮೂನೆ (ಮೊದಲು ಫಾರ್ಮ್ ಸಿ ಎನ್ನುತ್ತಿದ್ದರು) ಸಲ್ಲಿಸಲೇಬೇಕು. ಒಂದೇ ರಾತ್ರಿ ಇದ್ದರೂ, ಪರಿಚಯದವರಾದರೂ ಇದು ತಪ್ಪುವುದಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಪ್ರತಿಯನ್ನು ಅವರು ಬಾಗಿಲಿಗೆ ಬಂದಾಗಲೇ ಪಡೆಯಿರಿ.

ಬಂದ ಹಣವನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸಬೇಕು. ನೀವು ಪ್ಯಾನ್ ಕೊಟ್ಟಿದ್ದು, ಆ ಪ್ಲಾಟ್‌ಫಾರಂ ಮೂಲಕ ವರ್ಷಕ್ಕೆ ಬಂದ ಒಟ್ಟು ಮೊತ್ತ 5 ಲಕ್ಷ ಮೀರದಿದ್ದರೆ ಅವರು ಟಿಡಿಎಸ್ ಕಡಿಯುವುದಿಲ್ಲ. ಕಡಿದಿಲ್ಲವಾದ್ದರಿಂದ ತೆರಿಗೆಯೇ ಇಲ್ಲ ಎಂದುಕೊಂಡು ರಿಟರ್ನ್‌ನಲ್ಲಿ ಬಿಟ್ಟುಬಿಡಬೇಡಿ.