ರಕ್ತ ನಿಂತಿತೆಂದು ಗೇಟು ತೆಗೆಯಬೇಡಿ

“ಸರ್ರ, ಹತ್ತು ದಿನ ಕಟ್ಟಿ ಹಾಕಿದ್ವಿ. ನಿನ್ನಿಯಿಂದ ರಕ್ತ ನಿಂತೈತ್ರಿ. ಇವತ್ತ ಬಿಡಬಹುದಲ್ರೀ?”

ಗಂಗಾವತಿಯ ನನ್ನ ಪಶು ಕ್ಲಿನಿಕ್ಕಿಗೆ ಬರುವ ಫೋನುಗಳಲ್ಲಿ, ಬೆದೆಗೆ ಬಂದ ಹೆಣ್ಣು ನಾಯಿಯ ಬಗ್ಗೆ ಈ ಪ್ರಶ್ನೆಗೆ ಬರವಿಲ್ಲ. ಆ ದಿನ ಕೇಳಿದವರು ಒಂದು ರೈಸ್ ಮಿಲ್ಲಿನ ಮಾಲೀಕರು. “ಬ್ಯಾಡ್ರೀ, ಕಟ್ಟೋದು ಇದ್ರ ಇವತ್ತಿನಿಂದನ ಗಟ್ಟಿ ಕಟ್ರಿ” ಅಂದೆ. ಅಷ್ಟರಲ್ಲಿ ಮಿಲ್ಲಿನ ಹುಡುಗ ಸರಪಳಿ ಬಿಚ್ಚಿಯಾಗಿತ್ತು. ಎರಡು ತಿಂಗಳಿಗೆ ಅವರ ಲ್ಯಾಬ್ರಡಾರ್ 6 ಮರಿ ಹಾಕಿತು. ಮೂರು ಕಪ್ಪು, ಎರಡು ಕಂದು. ಇನ್ನೊಂದು ಎದುರಿನ ಚಹಾದಂಗಡಿ ನಾಯಿಯದೇ ಪಡಿಯಚ್ಚು. ಬುಟ್ಟಿಯಲ್ಲಿ ಹೊತ್ತು ತಂದು ತೋರಿಸಿ, “ಒಂದ ಸೂಲಿಗೆ ಇಬ್ಬರು ಅಪ್ಪಂದಿರು ಇರ್ತಾರೇನ್ರಿ?” ಎಂದರು. ಇರುತ್ತಾರೆ. ಮೂವರೂ ಇರಬಹುದು.

ನಾವು ಎಡವುವುದು ಹೆಂಗಸರ ಮುಟ್ಟಿನ ಲೆಕ್ಕವನ್ನೇ ನಾಯಿಗೂ ಹಾಕುವುದರಿಂದ. “ನಮ್ಮ ರೋಸಿ ಹೊರಗಾಗ್ಯಾಳ್ರಿ” ಎಂದು ದನಿ ತಗ್ಗಿಸಿ ಹೇಳುವವರಿದ್ದಾರೆ. ಹೆಂಗಸರಲ್ಲಿ ಗರ್ಭ ನಿಲ್ಲದಿದ್ದಾಗ ಗರ್ಭಕೋಶದ ಒಳಪದರ ಕಳಚಿ ಹೋಗುತ್ತದೆ. ಅದು ಒಂದು ಸುತ್ತಿನ ಕೊನೆ. ನಾಯಿಯಲ್ಲಿ ಆಗುವುದು ಬೇರೆಯೇ. ಈಸ್ಟ್ರೋಜನ್ ಎಂಬ ಹಾರ್ಮೋನು ಏರುತ್ತಿದ್ದಂತೆ ಗರ್ಭಕೋಶಕ್ಕೆ ರಕ್ತ ನುಗ್ಗಿ, ಸಣ್ಣ ನಾಳಗಳಿಂದ ಜಿನುಗಿ ಹೊರಬರುತ್ತದೆ. ಅಂದರೆ ಅದು ಸುತ್ತಿನ ಶುರು. ಕೆಂಪು ಕಾಣುವ ದಿನಗಳಲ್ಲಿ ಸಾಮಾನ್ಯವಾಗಿ ಅಂಡ ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ.

ಈ ಮೊದಲ ಹಂತ ಸುಮಾರು 9 ದಿನ. ಕೆಲವು ನಾಯಿಗಳಲ್ಲಿ ಮೂರೇ ದಿನಕ್ಕೆ ಮುಗಿದೀತು, ಕೆಲವಕ್ಕೆ ಎರಡು ವಾರ ದಾಟೀತು. ಶಹಾಬಾದ್ ಬಂಡೆಯ ನೆಲದ ಮೇಲೆ ಹನಿ ಬಿದ್ದಿದ್ದು, ಹಿಂದಿನ ಭಾಗ ಬಾತಿದ್ದು, ಪದೇ ಪದೇ ನೆಕ್ಕಿಕೊಳ್ಳುವುದು, ಕಂಡಕಂಡಲ್ಲಿ ಉಚ್ಚೆ ಹೊಯ್ಯುವುದು ಇವು ಗುರುತು. ಗಂಡುಗಳು ಬೆನ್ನು ಬೀಳುತ್ತವೆ, ಇದು ಗುರ್ರೆಂದು ಅಟ್ಟುತ್ತದೆ. ಎಷ್ಟೋ ನಾಯಿಗಳು ತಮ್ಮನ್ನು ತಾವೇ ಎಷ್ಟು ಚೊಕ್ಕಟ ಇಟ್ಟುಕೊಳ್ಳುತ್ತವೆಂದರೆ, ಮನೆಯವರಿಗೆ ಒಂದು ಹನಿಯೂ ಕಾಣುವುದಿಲ್ಲ. ಅನುಮಾನ ಇದ್ದರೆ ಬಿಳಿ ಬಟ್ಟೆಯ ಮೇಲೆ ಮಲಗಿಸಿ ನೋಡಿ.

ಆಮೇಲೆ ಬಣ್ಣ ತಿರುಗುತ್ತದೆ. ಕೆಂಪು ಹೋಗಿ ಮಾಂಸ ತೊಳೆದ ನೀರಿನ ಹಾಗೆ, ಮುಂದೆ ಗೋಧಿ ಹುಲ್ಲಿನ ಬಣ್ಣ. ನಿಮ್ಮ ಕಣ್ಣಿಗೆ “ನಿಂತೈತಿ.” ಸೊಂಟದ ಮೇಲೆ ಕೈಯಿಟ್ಟರೆ ನಾಯಿ ಕದಲದೆ ನಿಂತು ಬಾಲವನ್ನು ಪಕ್ಕಕ್ಕೆ ಸರಿಸುತ್ತದೆ. ನಿಜವಾದ ಬೆದೆ ಇದು. ಇದೂ ಸರಾಸರಿ 9 ದಿನ, ಆದರೆ 3 ದಿನದಿಂದ 3 ವಾರದವರೆಗೆ ಹಿಗ್ಗಬಲ್ಲದು. ತಳಿಗೆ ಕೂಡಿಸಬೇಕು ಎನ್ನುವವರು ಬಂದರೆ ನಾನು ಹತ್ತಿಯ ಕಡ್ಡಿಯಿಂದ ಸ್ವಲ್ಪ ಸ್ರಾವ ತೆಗೆದು, ಗಾಜಿನ ಮೇಲೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತೇನೆ. ಮೊದಲ ದಿನಗಳಲ್ಲಿ ಜೀವಕೋಶಗಳು ದುಂಡಗೆ, ನಡುವೆ ದೊಡ್ಡ ಚುಕ್ಕೆ. ಬೆದೆ ಕೂಡಿದಾಗ ಅವೇ ಅವಲಕ್ಕಿಯಂತೆ ಚಪ್ಪಟೆಯಾಗಿ, ಅಂಚು ಮುರುಟಿ, ಚುಕ್ಕೆ ಮಾಯವಾಗಿರುತ್ತದೆ. ಮಾಲೀಕರಿಗೂ ತೋರಿಸುತ್ತೇನೆ, ಒಮ್ಮೆ ಅವಲಕ್ಕಿ ಕಂಡವರು ಮತ್ತೆ ದಿನದ ಲೆಕ್ಕಕ್ಕೆ ಜಗಳ ಆಡುವುದಿಲ್ಲ.

ಇನ್ನು ಇಬ್ಬರು ಅಪ್ಪಂದಿರ ಮಾತು. ನಾಯಿಯ ಅಂಡ ಹೊರಬಂದಾಗ ಬಲಿತಿರುವುದಿಲ್ಲ, ಬಲಿಯಲು ಮತ್ತೆ ಎರಡು-ಮೂರು ದಿನ ಬೇಕು. ಗಂಡಿನ ವೀರ್ಯಾಣು ಒಳಗೆ 5-7 ದಿನ ಬದುಕಿ ಕಾಯಬಲ್ಲದು. ಸೋಮವಾರ ಕೂಡಿದ್ದೂ ಗುರುವಾರ ಕೂಡಿದ್ದೂ ಒಂದೇ ಸರತಿಯಲ್ಲಿ ನಿಂತಿರುತ್ತವೆ.

ಹಾಗಾಗಿ ಮೊದಲ ಹನಿ ಕಂಡ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಂದ 4 ವಾರ ಕಾವಲು. ಬಾಗಿಲಿಗೆ ಚಿಲಕ ಹಾಕಿದ್ದೇವೆ ಎನ್ನಬೇಡಿ; ನಮ್ಮ ಊರುಗಳಲ್ಲಿ ಮಾಳಿಗೆಯಿಂದ ಮಾಳಿಗೆಗೆ ದಾರಿ ಇದೆ, ಗಂಡು ನಾಯಿಗೆ ಅದು ಗೊತ್ತು. ಹೊಲದ ಮನೆಯವರು ಬಳ್ಳಾರಿ ಜಾಲಿಯ ಬೇಲಿ ನಂಬುತ್ತಾರೆ. ಮೈ ತುಂಬ ಮುಳ್ಳು ಚುಚ್ಚಿಕೊಂಡೇ ಒಳಗೆ ಬಂದ ಗಂಡಿಗೆ ನಾನೇ ಮುಳ್ಳು ಕಿತ್ತಿದ್ದೇನೆ. ಬಾಲಕ್ಕೆ ವಿಕ್ಸ್ ಹಚ್ಚುವುದು, ಗೇಟಿಗೆ ಫಿನಾಯಿಲ್ ಸುರಿಯುವುದು ಮನೆಯವರ ಸಮಾಧಾನಕ್ಕೆ ಮಾತ್ರ. ಡೈಪರ್ ನೆಲ ಉಳಿಸುತ್ತದೆ, ಗರ್ಭ ತಪ್ಪಿಸುವುದಿಲ್ಲ. ಹಾಗೆಂದು ಏಪ್ರಿಲ್ ತಿಂಗಳಲ್ಲಿ ತಗಡಿನ ಶೆಡ್ಡಿಗೆ ಕೂಡಿ ಹಾಕೀರಿ, ಜೋಕೆ. ಬೆದೆಗಿಂತ ಮೊದಲು ಬಿಸಿಲು ಪ್ರಾಣ ತೆಗೆಯುತ್ತದೆ. ಮನೆಯೊಳಗಿನ ಕೋಣೆ, ತುಂಬಿದ ನೀರು, ಹೊರಗೆ ಹೋದರೆ ಹಗ್ಗ ನಿಮ್ಮ ಕೈಯಲ್ಲಿ, ಅಷ್ಟೇ. ಕುರಿ ಹಿಂಡಿನ ಜೊತೆ ತಿರುಗುವ ನಾಯಿಗೆ ಇದೊಂದೂ ಆಗದ ಮಾತು, ಕುರಿಗಾರರಿಗೆ ನಾನು ನೇರವಾಗಿ ಮರಿಯಾಗದ ಹಾಗೆ ಮಾಡುವ ಆಪರೇಶನ್ ಹೇಳುತ್ತೇನೆ.

ಇಷ್ಟಾಗಿಯೂ ಕೂಡಿಬಿಟ್ಟರೆ ಎಳೆಯಬೇಡಿ, ಕಲ್ಲು ಬೇಡ, ನೀರು ಬೇಡ. ಗಂಡಿನ ಅಂಗದ ಬುಡ ಒಳಗೆ ಊದಿಕೊಂಡು ಸಿಕ್ಕಿರುತ್ತದೆ. ಅರ್ಧ ಗಂಟೆಯೊಳಗೆ ಸಾಮಾನ್ಯವಾಗಿ ತಾನಾಗಿ ಬಿಡುತ್ತದೆ. ಜಗ್ಗಿದರೆ ಎರಡಕ್ಕೂ ಗಾಯ.

ಕಾರಟಗಿ ಕಡೆಯ ಕ್ಯಾಂಪುಗಳಲ್ಲಿ ತೆಲುಗು ಮಾತಾಡುವ ಹಿರಿಯರು ಬೆದೆಯ ನಾಯಿ ಕಂಡರೆ ‘ಚಿತ್ತ ಕಾರ್ತೆ’ ನೆನೆಯುತ್ತಾರೆ. ಆ ಕಾರ್ತೆ, ಅಂದರೆ ಅಕ್ಟೋಬರಿನ ಚಿತ್ತಿ ಮಳೆಯ ಹೊತ್ತಿಗೆ ಬೀದಿಯಲ್ಲಿ ನಾಯಿಗಳ ಗದ್ದಲ ಹೆಚ್ಚು, ನಿಜ. ಆದರೆ ಮನೆಯ ನಾಯಿ ಪಂಚಾಂಗ ನೋಡುವುದಿಲ್ಲ. ಸಣ್ಣ ಜಾತಿಗೆ ಮೊದಲ ಬೆದೆ 6-12 ತಿಂಗಳಿಗೆ, ದೊಡ್ಡ ಜಾತಿಗೆ ಒಂದೂವರೆ-ಎರಡು ವರ್ಷಕ್ಕೂ ಬರಬಹುದು. ಆಮೇಲೆ ಸುಮಾರು 6-7 ತಿಂಗಳಿಗೊಮ್ಮೆ, ವರ್ಷದ ಯಾವ ತಿಂಗಳಾದರೂ ಸರಿ.

ನನಗೆ ಸಿಟ್ಟು ತರಿಸುವುದು ‘ಬೆದೆ ನಿಲ್ಲಿಸುವ ಸೂಜಿ.’ ಔಷಧಿ ಅಂಗಡಿಯಲ್ಲಿ ಸಿಗುವ ಹೆಂಗಸರ ಗರ್ಭನಿರೋಧಕ ಇಂಜೆಕ್ಷನ್ನನ್ನೇ ಯಾರೋ ಚುಚ್ಚಿ ಹೋಗಿರುತ್ತಾರೆ. ಈ ಹಾರ್ಮೋನು ಗರ್ಭಕೋಶದ ಒಳಪದರವನ್ನು ದಪ್ಪಗೆ ಮಾಡಿ ಕೀವಿಗೆ ಹಾಸಿಗೆ ಹಾಸುತ್ತದೆ. ಸೂಜಿ ಇಲ್ಲದೆಯೂ ಆ ಅಪಾಯ ಇದ್ದೇ ಇದೆ. ಬೆದೆ ಮುಗಿದ ಮೇಲೆ ಗರ್ಭ ನಿಲ್ಲಲಿ ಬಿಡಲಿ, ಸುಮಾರು ಎರಡು ತಿಂಗಳು ಅದೇ ಬಗೆಯ ಹಾರ್ಮೋನು, ಪ್ರೊಜೆಸ್ಟೆರೋನ್, ಮೈಯಲ್ಲಿ ಏರಿಯೇ ಇರುತ್ತದೆ. ಆ ಹೊತ್ತಿನಲ್ಲೇ ಪಯೋಮೆಟ್ರಾ, ಅಂದರೆ ಗರ್ಭಕೋಶದಲ್ಲಿ ಕೀವು, ಕೂಡುವುದು. ಸ್ವೀಡನ್ನಿನ ವಿಮೆ ದಾಖಲೆಗಳ ಪ್ರಕಾರ ಆಪರೇಶನ್ ಆಗದ ಹೆಣ್ಣು ನಾಯಿಗಳಲ್ಲಿ 10 ವರ್ಷದೊಳಗೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಇದು ಬಂದಿದೆ.

ನಮ್ಮ ಕಡೆ ಇದನ್ನು ಮುಚ್ಚಿಡುವುದೇ ಬಿಸಿಲು. ಮೊದಲ ಲಕ್ಷಣ ನೀರು ಹೆಚ್ಚು ಕುಡಿಯುವುದು, ಉಚ್ಚೆ ಹೆಚ್ಚು ಹೊಯ್ಯುವುದು. “ಬ್ಯಾಸಿಗಿ ಅಲ್ರೀ, ಕುಡೀತೈತಿ ಬಿಡ್ರಿ” ಎಂದು ಒಂದು ವಾರ ಹೋಗುತ್ತದೆ. ಊಟ ಬಿಟ್ಟು ವಾಂತಿ ಶುರುವಾದ ಮೇಲೆ ನನ್ನ ಮೇಜಿಗೆ ಬರುತ್ತದೆ. ಕೀವು ಹೊರಗೆ ಸೋರಿದರೆ ಅದೃಷ್ಟ, ಗೊತ್ತಾದರೂ ಆಗುತ್ತದೆ. ಬಾಯಿ ಮುಚ್ಚಿಕೊಂಡ ಗರ್ಭಕೋಶದಲ್ಲಿ ಹೊಟ್ಟೆ ಊದುವವರೆಗೆ ಸುಳಿವೇ ಸಿಗದು. ಬೆದೆಯಾಗಿ ಒಂದೆರಡು ತಿಂಗಳಾದ ನಾಯಿ ಅತಿಯಾಗಿ ನೀರು ಕುಡಿದರೆ ಅದೇ ದಿನ ಸ್ಕ್ಯಾನಿಂಗ್ ಮಾಡಿಸಿ. ಇದು ರಾತ್ರಿ ಎಬ್ಬಿಸಿ ಕೇಳಿದರೂ ನಾನು ಬೇಸರ ಮಾಡಿಕೊಳ್ಳದ ಫೋನು.

ಅದೇ ಹೊತ್ತಿಗೆ ಕೆಲವು ನಾಯಿಗಳಿಗೆ ಬಸಿರಿಲ್ಲದೆಯೇ ಹಾಲು ಬರುತ್ತದೆ, ಚಪ್ಪಲಿಯನ್ನೇ ಮರಿಯೆಂದು ಕಾಯುತ್ತವೆ. ಹಾಲು ಹಿಂಡಬೇಡಿ. ಸುಮಾರಾಗಿ ಎರಡು-ಮೂರು ವಾರದಲ್ಲಿ ತಾನೇ ಇಳಿಯುತ್ತದೆ.

ತಿಂಗಳು ಕಳೆದರೂ ರಕ್ತ ಹನಿಯುತ್ತಲೇ ಇದ್ದರೆ ಅದು ಸಾಮಾನ್ಯ ಬೆದೆಯಲ್ಲ. ಬೀದಿ ನಾಯಿಗಳಿಂದ ಕೂಡುವಾಗ ಅಂಟುವ ಗಡ್ಡೆಯೊಂದಿದೆ, ಹೂಕೋಸಿನಂತೆ ಒಳಗೆ ಬೆಳೆದಿರುತ್ತದೆ. ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯ ಸೂಜಿ ವಾರಕ್ಕೊಂದರಂತೆ ನಾಲ್ಕಾರು ಸಲ ಕೊಟ್ಟರೆ ಬಹುಪಾಲು ಕರಗುತ್ತದೆ, ನಡುವೆ ಬಿಡಬಾರದು.

ಮರಿ ಬೇಡ ಎಂದಾದರೆ ಅಂಡಾಶಯ, ಗರ್ಭಕೋಶ ತೆಗೆಸುವುದೇ ದಾರಿ. ಬೆದೆಯಲ್ಲಿದ್ದಾಗ ತರಬೇಡಿ, ಆಗ ನಾಳಗಳು ಉಬ್ಬಿ ರಕ್ತ ಹೆಚ್ಚು ಹೋಗುತ್ತದೆ. ಹಾಲು ಬರುತ್ತಿರುವಾಗಲೂ ಬೇಡ. ಬೆದೆ ಮುಗಿದು ಮೂರು ತಿಂಗಳ ಆಚೀಚೆ ಒಳ್ಳೆಯ ಕಾಲ. ಮಿಲ್ಲಿನ ನಾಯಿಗೂ ಮರಿಗಳು ಹಾಲು ಬಿಟ್ಟು, ಕೆಚ್ಚಲು ಒಣಗುವವರೆಗೆ ಕಾದು ಮಾಡಿದೆವು. ಹಿಂದಿನ ರಾತ್ರಿ 10ರ ಮೇಲೆ ಊಟ ಹಾಕಬೇಡಿ, ನೀರು ಮಾತ್ರ ಬೆಳಗಿನವರೆಗೂ ಮುಂದಿರಲಿ. ಮತ್ತೆ, ಮೊದಲ ಹನಿ ಕಂಡಾಗ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ ಆ ತಾರೀಖು ಬರೆದುಕೊಂಡು ಬನ್ನಿ.